ಹಿತ್ತಲಿಗೆ ಉಪ್ಪು ಬೇಡ ಕಾಕಾ

(ಗುಂಪು: ನಮ್ಮ ಗದಗ ಮನೆ)

ಕಾಕಾ: ಈ ವಿಡಿಯೊ ನೋಡಿ ಎಲ್ಲರೂ. ಬಕೆಟ್ ನೀರಿಗೆ ಎರಡು ಕೆಜಿ ಉಪ್ಪು, ವಿನೆಗರ್, ಸೋಪು. ಹಿತ್ತಲಿನ ಹಳದಿ ಹೂವಿನ ಬಳ್ಳಿ ಒಂದೇ ದಿನಕ್ಕೆ ಸುಟ್ಟು ಹೋಗುತ್ತಂತೆ. ಭಾನುವಾರ ಹೊಡೆಸಿಬಿಡೋಣ.

ರೇಖಾ: ಕಾಕಾ, ದಯವಿಟ್ಟು ಬೇಡ. ಸುಡೋದು ಎಲೆ ಮಾತ್ರ, ಬೇರಿನಿಂದ ಮತ್ತೆ ಚಿಗುರುತ್ತೆ. ಆ ಉಪ್ಪು ಎಲ್ಲಿ ಹೋಗುತ್ತೆ ಹೇಳಿ? ನಮ್ಮದು ಎರೆಮಣ್ಣು, ಮೊದಲೇ ನೀರು ಬೇಗ ಬಸಿಯಲ್ಲ, ಉಪ್ಪು ಬಿದ್ದರೆ ಇನ್ನೂ ಬಿಗಿಯುತ್ತೆ. ಅಜ್ಜಿ ಹಚ್ಚಿದ ಲಿಂಬಿ ಗಿಡ ಮೂರೇ ಅಡಿ ದೂರ ಇದೆ. ಲಿಂಬಿಗೆ ಉಪ್ಪು ಆಗಿಬರಲ್ಲ.

ಚಿಗವ್ವ: ಯಾಕೆ ಕೀಳಬೇಕು? ಹೂ ಎಷ್ಟು ಚಂದ ಇದೆ. ಅದು ಗರಗದ ಸೊಪ್ಪು ಅಲ್ವಾ? ಕೂದಲಿಗೆ ಒಳ್ಳೇದು.

ರೇಖಾ: ಅಲ್ಲ ಚಿಗವ್ವ, ಗರಗದ ಹೂ ಬಿಳಿ, ಚಿಕ್ಕದು. ಇದು ವೆಡೇಲಿಯಾ, ಮಧ್ಯ ಅಮೆರಿಕದ ಕಡೆಯದು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆಯ ತಜ್ಞರು ಮಾಡಿದ ಪಟ್ಟಿಯಲ್ಲಿ ಇದೂ ಇದೆ. ಹೋದ ತಿಂಗಳು ಬಂದಾಗ ಒಂದು ಗೇಣು ಬಳ್ಳಿ ಎತ್ತಿ ನೋಡಿದೆ, ಗೆಣ್ಣು ಗೆಣ್ಣಿಗೂ ಬಿಳಿ ಬೇರು. ಅದರ ಅಡಿಯಲ್ಲಿ ನಿಮ್ಮ ಪುದೀನ ಇತ್ತು, ಹಳದಿಯಾದ ಎರಡು ಕಡ್ಡಿ ಅಷ್ಟೇ ಉಳಿದಿವೆ.

ಪವನ್: ಅಕ್ಕಾ, ಹೋದ ವರ್ಷ ಆಳು ಹಚ್ಚಿ ಕೀಳಿಸಿದ್ವಲ್ಲ, ಏನಾಯ್ತು? ಸುಮ್ನೆ ಕಳೆನಾಶಕ ಹೊಡೆಸಿ.

ರೇಖಾ: ಕಿತ್ತದ್ದನ್ನು ಎಲ್ಲಿ ಹಾಕಿದ್ರು ನೋಡಿದ್ಯಾ? ಬಚ್ಚಲ ಮೋರಿ ಪಕ್ಕ ರಾಶಿ. ತುಂಡು ತುಂಡೂ ಅಲ್ಲೇ ಬೇರು ಬಿಟ್ಟಿತು. ಕೀಳೋದು ತಪ್ಪಾಗಿರಲಿಲ್ಲ, ಬಿಸಾಡಿದ್ದು ತಪ್ಪು. ಕಳೆನಾಶಕ ಗಾಳಿಗೆ ಹಾರಿ ಮಲ್ಲಿಗೆ, ಕರಿಬೇವಿನ ಮೇಲೆ ಬಿದ್ದರೆ ಅವೂ ಹೋಗುತ್ತವೆ.

ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಕುರ್ಪಿ ಹಾಕಿ ಬೇರು ಸಮೇತ ಎತ್ತಬೇಕು, ಬೆರಳುದ್ದದ ತುಂಡೂ ಬಿಡದೆ ಚೀಲಕ್ಕೆ ಹಾಕಬೇಕು, ಮಾಳಿಗೆ ಮೇಲೆ ಹರವಿ ಗರಿಗರಿ ಆಗೋವರೆಗೆ ಒಣಗಿಸಬೇಕು, ಹಸಿದನ್ನು ತಿಪ್ಪೆಗೆ ಹಾಕಲೇಬಾರದು. ಖಾಲಿ ಜಾಗಕ್ಕೆ ದಪ್ಪ ರಟ್ಟು ಹಾಸಿ ಮೇಲೆ ಜೋಳದ ಕಣಿಕೆ ಹಾಕೋಣ. ಆಮೇಲೆ ಹದಿನೈದು ದಿನಕ್ಕೊಮ್ಮೆ ಯಾರಾದರೂ ನೋಡಲೇಬೇಕು, ಚಿಗುರು ಕಂಡ ಕೂಡಲೇ ಕೀಳಬೇಕು. ಒಂದೇ ದಿನದ ಕೆಲಸ ಅಲ್ಲ ಇದು.

ಚಿಗವ್ವ: ನೋಡೋದು ನಾನು ಮಾಡ್ತೀನಿ. ಪುದೀನ ಮತ್ತೆ ಹಚ್ಚಬೇಕು.

ಕಾಕಾ: ಆಯ್ತವ್ವಾ, ಲಿಂಬಿ ಗಿಡದ ಕಡೆ ಕೈಯಿಂದಲೇ ಕೀಳೋಣ. ಗೇಟಿನ ಕಡೆ ಮಾತ್ರ ನಾನು ಉಪ್ಪು ಹಾಕಿ ನೋಡ್ತೀನಿ.

ರೇಖಾ: ಗೇಟಿನ ಕಡೆಯೂ ಬೇಡ ಕಾಕಾ. ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ. ಖಾಲಿ ಚೀಲ ಇದ್ದಷ್ಟೂ ತೆಗೆದಿಡಿ.