ಪಿಪಿಐ ಕ್ಲೇಮ್ ತಿರಸ್ಕಾರ ಆಗಿದೆಯಾ? ವಕೀಲರನ್ನು ಕೇಳಿ

ರೆಡಿಂಗ್ ಸದಸ್ಯೆ: 2002ರಲ್ಲಿ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ನರ್ಸ್ ಆಗಿ ಬಂದ ಹೊಸದರಲ್ಲಿ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಕಂತು ಕಟ್ಟುವ ಪಿಪಿಐ ಇನ್ಶೂರೆನ್ಸನ್ನೂ ಜೊತೆಗೆ ಅಂಟಿಸಿದ್ದರು. ಸ್ಟೇಟ್‌ಮೆಂಟ್ ತುದಿಯಲ್ಲಿ "ಪೇಮೆಂಟ್ ಪ್ರೊಟೆಕ್ಷನ್ 6.32 ಪೌಂಡ್" ಅಂತ ಬರುತ್ತಿತ್ತು. 2019ರಲ್ಲಿ ದೂರು ಕೊಟ್ಟೆ. "ಫಾರಂನಲ್ಲಿ ನೀವೇ ಟಿಕ್ ಹಾಕಿದ್ದೀರಿ" ಎಂದು ಬ್ಯಾಂಕ್ ತಿರಸ್ಕರಿಸಿತು. ಸುಮ್ಮನಾದೆ. ಕಾರ್ಡ್ ಮುಚ್ಚಿದ್ದು 2022ರ ಮೇನಲ್ಲಿ. ಇನ್ನು ದಾರಿ ಇದೆಯಾ?

ವಕೀಲರು: ಇದೆ. ಬ್ಯಾಂಕಿನ ಕೊನೆಯ ಪತ್ರ ಬಂದ 6 ತಿಂಗಳೊಳಗೆ, ಬ್ಯಾಂಕ್ ಮೇಲಿನ ದೂರು ತೀರ್ಮಾನಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್‌ಗೆ ಹೋಗಬೇಕಿತ್ತು. ಅದು ಕೈ ತಪ್ಪಿದೆ. ಆದರೆ ಆ ಪತ್ರವನ್ನು ಮತ್ತೆ ಓದಿ. ಟಿಕ್ ಬಗ್ಗೆ ಮಾತ್ರ ಇದೆಯಾ, ಪಿಪಿಐ ಮಾರಿದ್ದಕ್ಕೆ ಪಡೆದ ಕಮಿಷನ್ ಬಗ್ಗೆಯೂ ಇದೆಯಾ?

2014ರಲ್ಲಿ ಪ್ಲೆವಿನ್ ಎಂಬ ಮಹಿಳೆಯ ಪಿಪಿಐ ಕೇಸ್ ಬ್ರಿಟನ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಕೆ ಕಟ್ಟಿದ ಪ್ರೀಮಿಯಂನಲ್ಲಿ 71.8% ಕಮಿಷನ್. ಆಕೆಗೆ ಅದನ್ನು ಹೇಳಿಯೇ ಇರಲಿಲ್ಲ. ಹೀಗೆ ಮುಚ್ಚಿಟ್ಟರೆ ಸಾಲದ ಸಂಬಂಧವೇ ಅನ್ಯಾಯ ಎಂದಿತು ಕೋರ್ಟ್. ನೀವು ಟಿಕ್ ಹಾಕಿದ್ದರೂ ಈ ವಾದ ನಿಲ್ಲುತ್ತದೆ. ಆಮೇಲೆ 2023ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟಿನ ಸ್ಮಿತ್ ಕೇಸಿನ ತೀರ್ಪು ಬಂತು, ಅದೂ ಕ್ರೆಡಿಟ್ ಕಾರ್ಡ್ ಪಿಪಿಐ ಬಗ್ಗೆಯೇ. ಹೀಗೆ ಕೋರ್ಟಿಗೆ ಹೋಗಲು ಇರುವ 6 ವರ್ಷದ ಗಡುವು ಪಿಪಿಐ ನಿಂತ ದಿನದಿಂದ ಅಲ್ಲ, ಸಾಲದ ಸಂಬಂಧ ಮುಗಿದ ದಿನದಿಂದ. ಅಂದರೆ ನಿಮಗೆ 2028ರ ಮೇ ತನಕ ಸಮಯವಿದೆ.

ಮೊದಲು ಬ್ಯಾಂಕಿಗೆ ನಿಮ್ಮ ಡೇಟಾ ಕೇಳಿ ಬರೆಯಿರಿ. ದುಡ್ಡು ಕೊಡಬೇಕಿಲ್ಲ, ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಕಾರ್ಡ್ ಮುಚ್ಚಿದ ದಿನಾಂಕ, ಪ್ರೀಮಿಯಂ ಲೆಕ್ಕ, ಕಮಿಷನ್ ಎಲ್ಲವನ್ನೂ ಕೇಳಿ. ಹಿಂದೆ ಏನಾದರೂ ದುಡ್ಡು ತಗೊಂಡು "ಪೂರ್ತಿ ಇತ್ಯರ್ಥ" ಎಂದು ಸಹಿ ಹಾಕಿದ್ದೀರಾ? ಅದನ್ನು ಹೇಳಿ, ಇಲ್ಲದಿದ್ದರೆ ಮುಂದೆ ತೊಂದರೆ. ಇಂಗ್ಲೆಂಡ್‌ನಲ್ಲಿ 10,000 ಪೌಂಡ್‌ವರೆಗಿನ ಕೇಸನ್ನು ಸಣ್ಣ ಮೊತ್ತದ ಕೇಸುಗಳ ಕೋರ್ಟ್ ದಾರಿಯಾದ ಸ್ಮಾಲ್ ಕ್ಲೇಮ್ಸ್‌ನಲ್ಲೇ ಹಾಕಬಹುದು. ಸೋತರೂ ಸಾಮಾನ್ಯವಾಗಿ ಅವರ ವಕೀಲರ ಫೀಸು ನಿಮ್ಮ ತಲೆಗೆ ಬರಲ್ಲ. ಎಷ್ಟು ವಾಪಸ್ ಎಂಬುದು ಜಡ್ಜ್ ಕೈಯಲ್ಲಿದೆ.

ಸ್ಲೌ ಸದಸ್ಯ: ನಾನು ದೂರೇ ಕೊಟ್ಟಿಲ್ಲ. ಈಗ ಬ್ಯಾಂಕಿಗೆ ಕೊಡಬಹುದಾ?

ವಕೀಲರು: ಆ ಗಡುವು 2019ರ ಆಗಸ್ಟ್ 29ಕ್ಕೆ ಮುಗಿಯಿತು. ಕೋರ್ಟ್ ದಾರಿ ಮೇಲೆ ಹೇಳಿದ್ದೇನೆ, ನೋಡಿ.

ಲೆಸ್ಟರ್ ಸದಸ್ಯ: ಇದು ವಾಟ್ಸಾಪ್‌ನಲ್ಲಿ ಬಂತು: "99 ಪೌಂಡ್ ಕಟ್ಟಿ, ಪಿಪಿಐ ಹಣ 3,000 ಪೌಂಡ್ ಗ್ಯಾರಂಟಿ." ಎಲ್ಲರಿಗೂ ಉಪಯೋಗ ಆಗಲಿ.

ವಕೀಲರು: ಯಾರಿಗೂ ಆಗಲ್ಲ. ಹಣ ಬರುವ ಮೊದಲೇ ಹಣ ಕೇಳುವವರು ಕಳ್ಳರು. ದಯವಿಟ್ಟು ಡಿಲೀಟ್ ಮಾಡಿ.

ಲೂಟನ್ ಸದಸ್ಯ: ಓದದೆ ಸಹಿ ಹಾಕಿ 20 ವರ್ಷದ ಮೇಲೆ ಅಳೋದು ಯಾಕೆ?

ರೆಡಿಂಗ್ ಸದಸ್ಯೆ: ಕಾಯಿಲೆ ಬಿದ್ದರೆ ಎನ್‌ಎಚ್‌ಎಸ್‌ನಲ್ಲೇ ನನಗೆ ಸಂಬಳ ಬರುತ್ತಿತ್ತು. ಅದನ್ನು ಬ್ಯಾಂಕಿನವರು ಕೇಳಲೇ ಇಲ್ಲ.

ಲೂಟನ್ ಸದಸ್ಯ: ನೀವು ಹೇಳಬೇಕಿತ್ತು, ಅಲ್ವಾ?

ಕ್ರಾಯ್ಡನ್ ಸದಸ್ಯೆ: ಮಾರುವವರು ಕೇಳಬೇಕು ಸ್ವಾಮಿ. ನೀವು ಬ್ಯಾಂಕಿನಲ್ಲಿದ್ದೀರಾ?

ಲೂಟನ್ ಸದಸ್ಯ: ಇದ್ದೆ. ಏನೀಗ?

ಕ್ರಾಯ್ಡನ್ ಸದಸ್ಯೆ: ಸರಿ, ಗೊತ್ತಾಯಿತು.

ಗ್ಲಾಸ್ಗೋ ಸದಸ್ಯ: ಸ್ಕಾಟ್ಲೆಂಡ್‌ಗೂ ಈ 6 ವರ್ಷವೇನಾ ಸರ್?

ಸ್ಲೌ ಸದಸ್ಯ: ಸರ್, ನನ್ನ ಕಾರ್ಡ್ 2007ರಲ್ಲೇ ಮುಚ್ಚಿತ್ತು. ಈಗ ಕೋರ್ಟಿಗೆ ಹೋಗಬಹುದಾ?

ವಕೀಲರು: ಇಲ್ಲ. 2008ರ ಏಪ್ರಿಲ್ 6ಕ್ಕೆ ಮೊದಲೇ ಮುಗಿದ ಸಾಲಕ್ಕೆ, ಸಾಲದ ಸಂಬಂಧ ಅನ್ಯಾಯ ಎಂದು ಕೇಸ್ ಹಾಕುವ ಆ ಕಾನೂನು ಅನ್ವಯಿಸಲ್ಲ.

ಲೆಸ್ಟರ್ ಸದಸ್ಯ: ನನ್ನ ಭಾವ ಆ 99 ಪೌಂಡ್ ಆಗಲೇ ಕಟ್ಟಿದ್ದಾನೆ...

ವಕೀಲರು: ಇದನ್ನು ಮೊದಲು ಹೇಳಬೇಕಿತ್ತು. ಈಗಲೇ ಅವರ ಬ್ಯಾಂಕಿಗೆ ಫೋನ್ ಮಾಡಿಸಿ. ಆ ಮೆಸೇಜ್ ಇನ್ನೂ ಇಲ್ಲೇ ಇದೆ, ಅದನ್ನೂ ತೆಗೆಯಿರಿ.

ಗ್ಲಾಸ್ಗೋ ಸದಸ್ಯ: ಸರ್, ಸ್ಕಾಟ್ಲೆಂಡ್?