ಸಹಾಯ ಬೇಕು: ಕ್ರೆಡಿಟ್ ಕಾರ್ಡ್ ಬಾಕಿ 1,20,000 ರೂ., ಸೆಟ್ಲ್‌ಮೆಂಟ್‌ಗೆ (ಬಾಕಿಗಿಂತ ಕಡಿಮೆ ಕಟ್ಟಿ ಲೆಕ್ಕ ಮುಗಿಸುವುದಕ್ಕೆ) ಒಪ್ಪುವ ಮುಂಚೆ

ಬ್ಯಾಂಕಿನ ಸಾಲ ವಿಭಾಗದ ಅನುಭವ ಇರುವವರು ದಯವಿಟ್ಟು ನೋಡಿ. ಪರಿಚಿತ ಕುಟುಂಬವೊಂದರ ಪ್ರಶ್ನೆ ಇದು.

ಕಾರ್ಡ್ ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 4,200 ರೂ. ಅದರ ಮೇಲೆ ಶೇ 18 ಜಿಎಸ್‌ಟಿ 756. ಕನಿಷ್ಠ ಮೊತ್ತ ಅಂತ ಶೇ 5, ಅಂದರೆ 6,000 ಕಟ್ಟಿದರೂ ಅಸಲಿಗೆ ಹೋಗುವುದು ಬರೀ 1,044. ಹಳೇ ಬಾಕಿ ಇರುವ ತನಕ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುವುದರಿಂದ ಕಾರ್ಡ್ ಉಜ್ಜುವುದನ್ನು ಪೂರ್ತಿ ನಿಲ್ಲಿಸಿದ್ದಾರೆ.

ಇದೇ ಮೊತ್ತಕ್ಕೆ ಶೇ 14ರ ಪರ್ಸನಲ್ ಲೋನ್ 36 ತಿಂಗಳಿಗೆ ಸಿಕ್ಕರೆ ಇಎಂಐ ಸುಮಾರು 4,101. ಈಗ ಕಟ್ಟುತ್ತಿರುವ ಬಡ್ಡಿ, ತೆರಿಗೆಗಿಂತಲೂ ಕಡಿಮೆ! ಆದರೆ ಎರಡು ಕಂತು ತಪ್ಪಿವೆ. ಬೇರೆ ಬ್ಯಾಂಕು ಕೊಡುತ್ತದೆಯೇ, ಅಥವಾ ಅದೇ ಬ್ಯಾಂಕಿನಲ್ಲಿ ಬಾಕಿಯನ್ನು ಇಎಂಐಗೆ ಬದಲಿಸುವುದೊಂದೇ ದಾರಿಯೇ?

ಒಡವೆ ಇದೆ. ವರ್ಷದ ಕೊನೆಗೆ ಅಸಲು ಒಟ್ಟಿಗೆ ಕೇಳುವ ಚಿನ್ನದ ಸಾಲ ಬೇಡ, ಹರಾಜಿನ ಭಯ. ತಿಂಗಳ ಕಂತಿನಲ್ಲಿ ಕೊಡುವವರು ಯಾರು? ಪ್ರೊಸೆಸಿಂಗ್ ಶುಲ್ಕ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ದಂಡ ಎರಡನ್ನೂ ತಿಳಿಸಿ.

ವಸೂಲಿ ಏಜೆಂಟ್ ಮಾತ್ರ ಸೆಟ್ಲ್‌ಮೆಂಟ್‌ಗೇ ದುಂಬಾಲು ಬಿದ್ದಿದ್ದಾನೆ. ಸಿಬಿಲ್‌ ಸಾಲ ದಾಖಲೆಯಲ್ಲಿ ‘ಸೆಟಲ್ಡ್’ ಎಂದು ಕೂತರೆ ಮುಂದೆ ಗೃಹಸಾಲಕ್ಕೆ ಅಡ್ಡಿ, ಹಾಗಾಗಿ ಅದು ಕೊನೆಯ ಆಯ್ಕೆ. ರಾತ್ರಿ 7ರ ನಂತರ ಕರೆ ಮಾಡುವಂತಿಲ್ಲ ಎಂಬ ಆರ್‌ಬಿಐ ನಿಯಮ ತಿಳಿಸಿ ಬ್ಯಾಂಕಿಗೆ ಲಿಖಿತ ದೂರು ಕೊಟ್ಟಾಗಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ. ಆ ದೂರಿಗೆ ಕರೆ ದಾಖಲೆ ಬಿಟ್ಟು ಇನ್ನೇನು ಲಗತ್ತಿಸಬೇಕು?