‘ಅಡ್ವೊಕೇಟ್ ಜನರಲ್’ಗೆ ಕನ್ನಡದಲ್ಲಿ ಏನನ್ನೋಣ?

ಹೋದ ವಾರ ಹೊಸನಗರದಲ್ಲಿ ದೊಡ್ಡಮ್ಮನಿಗೆ ಪೇಪರ್ ಓದಿ ಹೇಳುತ್ತಿದ್ದೆ. ಜಮೀನಿನ ಕೇಸೊಂದರ ಸುದ್ದಿ. ಸರ್ಕಾರದ ಪರವಾಗಿ ಹೈಕೋರ್ಟಿನಲ್ಲಿ ಎ.ಜಿ. ವಾದ ಮಾಡಿದರು ಎಂದಿತ್ತು. ದೊಡ್ಡಮ್ಮ ಟೀಚರ್ ಆಗಿ ರಿಟೈರ್ ಆದವರು. "ಎ.ಜಿ. ಅಂದ್ರೆ ನಮ್ಮ ಪೆನ್ಷನ್ ಆಫೀಸಲ್ವಾ? ಅವ್ರಿಗೆ ಕೋರ್ಟಲ್ಲಿ ಎಂತ ಕೆಲ್ಸ?" ಎಂದು ಕೇಳಿದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. ಅಕೌಂಟೆಂಟ್ ಜನರಲ್, ರಾಜ್ಯದ ಪರ ವಾದಿಸುವ ಅಡ್ವೊಕೇಟ್ ಜನರಲ್, ಕೇಂದ್ರದ ಪರ ವಾದಿಸುವ ದೆಹಲಿಯ ಅಟಾರ್ನಿ ಜನರಲ್, ಮೂವರೂ ಎ.ಜಿ.ಗಳೇ. ಲೆಕ್ಕ ನೋಡುವ ಎ.ಜಿ.ಗೆ ‘ಮಹಾಲೇಖಪಾಲ’ ಎಂಬ ಹೆಸರಾದರೂ ಇದೆ. ಕಾನೂನಿನ ಎ.ಜಿ.ಗೆ?

ಹಿಂದಿಯಲ್ಲಿ ಕೇಂದ್ರದವರಿಗೆ ‘ಮಹಾನ್ಯಾಯವಾದಿ’, ರಾಜ್ಯದವರಿಗೆ ‘ಮಹಾಧಿವಕ್ತಾ’ ಅಂತಾರೆ. ಅದನ್ನೇ ಕನ್ನಡಕ್ಕೆ ತರುವುದು ನನಗೆ ಇಷ್ಟವಿಲ್ಲ. ನಮ್ಮ ಕಡೆ ವಾದಿ ಅಂದರೆ ಕೇಸು ಹಾಕಿದವನು, ಎದುರಿನವನು ಪ್ರತಿವಾದಿ, ಕೋರ್ಟು ಅಲೆದ ಪ್ರತಿ ಮನೆಗೂ ಇದು ಗೊತ್ತು. ಜೊತೆಗೆ ‘ಮಹಾ’, ‘ನ್ಯಾಯ’ ಎರಡೂ ಸೇರಿದರೆ ಯಾರೋ ದೊಡ್ಡ ಜಡ್ಜ್ ಅನ್ನಿಸುತ್ತದೆ. ‘ಸರ್ಕಾರಿ ವಕೀಲರು’ ಎನ್ನೋಣ ಅಂದರೆ, ಶಿವಮೊಗ್ಗ ಕೋರ್ಟಿನಲ್ಲಿ ಸರ್ಕಾರದ ಕೇಸು ನೋಡುವವರಿಗೆ ಆ ಹೆಸರು ಆಗಲೇ ಹೋಗಿದೆ.

ಕೆಲಸ ನೋಡಿದರೆ ಹೆಸರು ಸಿಗಬಹುದೇನೋ ಎಂದು ಸಂವಿಧಾನ ತೆಗೆದೆ. ವಿಧಿ 165ರ ಪ್ರಕಾರ ಅಡ್ವೊಕೇಟ್ ಜನರಲ್ ಅವರನ್ನು ನೇಮಿಸುವುದು ರಾಜ್ಯಪಾಲರು. ಹೈಕೋರ್ಟ್ ಜಡ್ಜ್ ಆಗುವ ಅರ್ಹತೆ ಇರಬೇಕು. ಸರ್ಕಾರಕ್ಕೆ ಕಾನೂನು ಸಲಹೆ ಕೊಡಬೇಕು. ವಿಧಿ 177ರಂತೆ ವಿಧಾನಸಭೆಯಲ್ಲೂ ಪರಿಷತ್ತಿನಲ್ಲೂ ಕೂತು ಮಾತಾಡಬಹುದು, ಆದರೆ ವೋಟು ಹಾಕುವಂತಿಲ್ಲ. ಇವರು ಮಂತ್ರಿಯಲ್ಲ. ಅಮೆರಿಕದ ಅಟಾರ್ನಿ ಜನರಲ್ ಅಧ್ಯಕ್ಷರ ಸಂಪುಟದಲ್ಲೇ ಇರುತ್ತಾರೆ, ನ್ಯಾಯ ಇಲಾಖೆಯನ್ನೇ ನಡೆಸುತ್ತಾರೆ, ಹಾಗಾಗಿ ಅಲ್ಲಿಯವರಿಗೂ ಇಲ್ಲಿಯವರಿಗೂ ಒಂದೇ ಕನ್ನಡ ಪದ ಹಾಕಿದರೆ ಓದುವವರಿಗೆ ದಾರಿ ತಪ್ಪುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಸಂವಿಧಾನದ ಇಂಗ್ಲಿಷಿನಲ್ಲಿ ಇವರನ್ನು ‘ರಾಜ್ಯಕ್ಕೆ’ ಅಡ್ವೊಕೇಟ್ ಜನರಲ್ ಎಂದಿದೆ, ‘ಸರ್ಕಾರಕ್ಕೆ’ ಎಂದಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲೂ ಇದರ ನೆರಳಿದೆ: ಕ್ರಿಮಿನಲ್ ನಿಂದನೆ (ಕೋರ್ಟಿನ ಗೌರವ ಕೆಡಿಸುವುದು, ಅದರ ಕೆಲಸಕ್ಕೆ ಅಡ್ಡಿ ಮಾಡುವುದು ಇಂಥದ್ದು) ಆಗಿದೆ ಎಂದು ಸಾಮಾನ್ಯ ಮನುಷ್ಯನೊಬ್ಬ ಹೈಕೋರ್ಟಿಗೆ ಅರ್ಜಿ ಹಾಕಬೇಕಾದರೆ ಇವರ ಲಿಖಿತ ಒಪ್ಪಿಗೆ ಬೇಕು. ಅದನ್ನು ಕೊಡುವಾಗ ಇವರು ಸರ್ಕಾರದ ಪರ ವಾದಿಸುವ ವಕೀಲರಾಗಿ ನಿಂತಿರುವುದಿಲ್ಲ, ಅಲ್ವಾ?

ಅದಕ್ಕೇ ನನಗೆ ‘ರಾಜ್ಯದ ಮುಖ್ಯ ವಕೀಲರು’ ಹಿಡಿಸಿದೆ. ದೊಡ್ಡಮ್ಮನಿಗೆ ಹೇಳಿದೆ, ತಕ್ಷಣ ಅರ್ಥವಾಯಿತು. ಆದರೆ ಆಡುಮಾತಿನಲ್ಲಿ ‘ರಾಜ್ಯ’, ‘ಸರ್ಕಾರ’ ಎರಡನ್ನೂ ನಾವು ಒಂದೇ ಅನ್ನೋ ಹಾಗೆ ಬಳಸುತ್ತೇವೆ. ಈ ವ್ಯತ್ಯಾಸ ಹೆಸರಲ್ಲಿ ಉಳಿಯುತ್ತದಾ? ಇದಕ್ಕಿಂತ ಒಳ್ಳೆ ಪದ ಕೋರ್ಟುಗಳ ಕಡೆ ಓಡಾಡುವವರು ಕೇಳಿದ್ದರೆ, ದಯವಿಟ್ಟು ಹೇಳಿ.